ಗಡಿಯ ಪಟಾಕಿ: ಮನೆಗೆ ನೂರು ರೂಪಾಯಿಯ ಲೆಕ್ಕ

ಹೊಸೂರಿನಿಂದ ಬೆಂಗಳೂರಿನ ಕಡೆ ಹೊರಟರೆ ಜೂಜುವಾಡಿ ದಾಟುತ್ತಲೇ ತಮಿಳುನಾಡು ಮುಗಿಯುತ್ತದೆ, ಅತ್ತಿಬೆಲೆ ಎದುರಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 44ರ ಈ ತುಂಡಿನಲ್ಲಿ ದೀಪಾವಳಿಗೆ ಮುಂಚಿನ ವಾರಗಳಲ್ಲಿ ಪಟಾಕಿಯದೇ ರಾಜ್ಯಭಾರ. ‘ಶೇ. 80 ರಿಯಾಯಿತಿ’, ‘ಶಿವಕಾಶಿ ದರ’, ‘ಫ್ಯಾಕ್ಟರಿ ರೇಟು’ ಎಂದು ಕನ್ನಡ, ತಮಿಳು ಎರಡರಲ್ಲೂ ಫ್ಲೆಕ್ಸುಗಳು. ಬೆಂಗಳೂರಿನ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ, ರಟ್ಟಿನ ಪೆಟ್ಟಿಗೆಗಳು ಡಿಕ್ಕಿ ಸೇರುತ್ತವೆ. ಈ ವ್ಯಾಪಾರದಲ್ಲಿ ಗ್ರಾಹಕನಿಗೆ ನಿಜವಾಗಿ ಎಷ್ಟು ಉಳಿಯುತ್ತದೆ, ಅದಕ್ಕೆ ಊರು ಎಷ್ಟು ತೆರುತ್ತದೆ, ಅದೇ ದುಡ್ಡಿನ ಒಂದು ಚೂರಿನಲ್ಲಿ ಇಡೀ ಹೊಸೂರು ಒಟ್ಟಿಗೆ ನಿಂತು ಬಾಣಬಿರುಸು ನೋಡಬಹುದೇ ಎಂಬುದು ಈ ವರದಿಯ ಲೆಕ್ಕ.

ಮೊದಲು ಆ ಎಂಬತ್ತು ಪರ್ಸೆಂಟಿನ ವಿಚಾರ. ಪೆಟ್ಟಿಗೆಯ ಮೇಲೆ 1,000 ರೂ. ಮುದ್ರಿಸಿ 200 ರೂ.ಗೆ ಕೊಟ್ಟರೆ ಅದು ಶೇ. 80 ರಿಯಾಯಿತಿ. ಆ 200 ರೂ.ನಲ್ಲಿ ಶೇ. 18 ಜಿಎಸ್‌ಟಿ ಸೇರಿದೆ ಎಂದುಕೊಂಡರೆ ತೆರಿಗೆಯ ಪಾಲು 30 ರೂ. 50 ಪೈಸೆ, ಮಾಲಿನ ಬೆಲೆ 169 ರೂ. 50 ಪೈಸೆ. ಕಾರ್ಖಾನೆಯವನ ಲಾಭ, ಸಾಗಣೆ, ಅಂಗಡಿಯವನ ಲಾಭ ಎಲ್ಲವೂ ಅಷ್ಟರಲ್ಲೇ ಅಡಗಿದೆ. ಯಾರೂ ನಷ್ಟಕ್ಕೆ ಮಾರುತ್ತಿಲ್ಲ ಎಂದ ಮೇಲೆ ಪೆಟ್ಟಿಗೆಯ ಮೇಲಿನ ಸಾವಿರ ರೂಪಾಯಿ ಬೆಲೆಯೇ ಅಲ್ಲ, ಅದು ರಿಯಾಯಿತಿ ತೋರಿಸಲೆಂದು ಬರೆದ ಅಂಕಿ. ಎರಡು ಅಂಗಡಿಗಳನ್ನು ಹೋಲಿಸುವವರು ಪರ್ಸೆಂಟನ್ನು ಮರೆತು, ಕೈಯಿಂದ ಬಿಡುವ ರೂಪಾಯಿಯನ್ನೂ ಒಳಗಿರುವ ಕಾಯಿಗಳ ಎಣಿಕೆಯನ್ನೂ ಮಾತ್ರ ನೋಡಬೇಕು.

ಗಡಿಯಲ್ಲಿ ತೆರಿಗೆ ಕಡಿಮೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. 2017ರ ಜುಲೈಗೆ ಮುಂಚೆ ಒಂದೊಂದು ರಾಜ್ಯದ ವ್ಯಾಟ್ ಒಂದೊಂದು ಥರ ಇದ್ದದ್ದು ನಿಜ. ಜಿಎಸ್‌ಟಿ ಬಂದಾಗ ಪಟಾಕಿಗೆ ಶೇ. 28 ಬಿತ್ತು, ಅದೇ ವರ್ಷ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಯಿತು. ಹೊಸೂರಿನಲ್ಲೂ ಅತ್ತಿಬೆಲೆಯಲ್ಲೂ ಜಯನಗರದಲ್ಲೂ ಈಗ ತೆರಿಗೆ ಒಂದೇ. ದೇಶದ ಪಟಾಕಿಯಲ್ಲಿ ಸುಮಾರು ಶೇ. 90 ಭಾಗ ಶಿವಕಾಶಿ ಸುತ್ತಮುತ್ತಲೇ ತಯಾರಾಗುತ್ತದೆ ಎಂದು ಉದ್ಯಮದವರು ಹೇಳುತ್ತಾರೆ. ಅಲ್ಲಿಂದ ಮಧುರೆ, ಸೇಲಂ, ಕೃಷ್ಣಗಿರಿ ಹಾದು ಹೊಸೂರಿಗೆ ಸುಮಾರು 450 ಕಿ.ಮೀ. ಅಷ್ಟು ದೂರ ಬಂದ ಲಾರಿಗೆ ಬೆಂಗಳೂರು ಇನ್ನು 40 ಕಿ.ಮೀ. ಮಾತ್ರ, ಅದರಿಂದ ಬಾಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಗಡಿಯಲ್ಲಿ ಅಗ್ಗವಾಗಿದ್ದರೆ ಅದಕ್ಕೆ ಸಗಟು ವ್ಯಾಪಾರ, ಅಕ್ಕಪಕ್ಕದ ಅಂಗಡಿಗಳ ಪೈಪೋಟಿ, ನಗರಕ್ಕಿಂತ ಕಡಿಮೆ ಇರುವ ಜಾಗದ ಬಾಡಿಗೆ ಕಾರಣ ಇರಬೇಕು.

ಇನ್ನು ಗ್ರಾಹಕನ ಜೇಬು. ಮೆಜೆಸ್ಟಿಕ್ ಕಡೆಯಿಂದ ಹೊಸೂರಿಗೆ ಹೋಗಿ ಬರಲು 80 ಕಿ.ಮೀ. ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ ಐದೂಕಾಲು ಲೀಟರಿಗೂ ಸ್ವಲ್ಪ ಹೆಚ್ಚು ಪೆಟ್ರೋಲು ಬೇಕು. ಲೀಟರಿಗೆ 103 ರೂ. ಹಿಡಿದರೆ ಸುಮಾರು 550 ರೂ. ಟೋಲು, ನಾಲ್ಕು ಜನರ ಊಟ-ಕಾಫಿ ಸೇರಿ ಒಟ್ಟು 1,200 ರೂ. ಎಂದಿಟ್ಟುಕೊಳ್ಳಿ. ನಗರದ ಮೈದಾನದ ಮಳಿಗೆಗಿಂತ ಗಡಿಯಲ್ಲಿ ಶೇ. 25 ಅಗ್ಗ ಎಂದೂ ಹಿಡಿಯೋಣ. ಆಗ ನಗರದಲ್ಲಿ 4,800 ರೂ. ಬೆಲೆಬಾಳುವಷ್ಟು ಮಾಲು ಕೊಂಡಾಗ ಮಾತ್ರ ಓಡಾಟದ ಖರ್ಚು ಹುಟ್ಟುತ್ತದೆ. ಎರಡು ಸಾವಿರದ ಪಟಾಕಿಗೆ ಗಡಿಯವರೆಗೆ ಹೋದವರಿಗೆ 700 ರೂ. ಕೈ ಬಿಡುತ್ತದೆ. ಇವು ನನ್ನ ಅಂದಾಜಿನ ಅಂಕಿಗಳು, ನಿಮ್ಮ ಕಾರಿನ ಮೈಲೇಜು ಹಾಕಿ ಲೆಕ್ಕ ತಿದ್ದಿಕೊಳ್ಳಿ. ಪೆಟ್ರೋಲು ಉಳಿಸಲೆಂದು ಹೊಸೂರಿನಿಂದ ರೈಲು ಹತ್ತುವ ಯೋಚನೆ ಮಾತ್ರ ಬೇಡ. ರೈಲಿನಲ್ಲಿ ಪಟಾಕಿ ಒಯ್ಯುವುದು 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಕೆಳಗೆ ಅಪರಾಧ, ಮೂರು ವರ್ಷದವರೆಗೆ ಜೈಲು ಆಗಬಹುದು.

ಎಪ್ಪತ್ತು ದಿನ

2023ರ ಜುಲೈ 29, ಶನಿವಾರ ಬೆಳಿಗ್ಗೆ. ಕೃಷ್ಣಗಿರಿಯ ಹಳೆಪೇಟೆಯಲ್ಲಿ ಮನೆ, ಹೋಟೆಲುಗಳ ನಡುವೆ ಇದ್ದ ಪಟಾಕಿ ಗೋದಾಮು ಸಿಡಿಯಿತು. 9 ಜನ ಸತ್ತರು, ಅಕ್ಕಪಕ್ಕದ ಕಟ್ಟಡಗಳು ಕುಸಿದವು. ಮೊದಲು ಸಿಡಿದದ್ದು ಪಕ್ಕದ ಹೋಟೆಲಿನ ಅಡುಗೆ ಅನಿಲದ ಸಿಲಿಂಡರೋ ಪಟಾಕಿಯೋ ಎಂಬ ಬಗ್ಗೆ ರಾಜಕೀಯ ವಾದ ನಡೆಯಿತು. ನನ್ನ ಮಟ್ಟಿಗೆ ಆ ವಾದಕ್ಕಿಂತ ಮುಖ್ಯವಾದದ್ದು, ಒಲೆ ಉರಿಯುವ ಜಾಗವೂ ಮದ್ದು ತುಂಬಿದ ಕೋಣೆಯೂ ಪಕ್ಕಪಕ್ಕದಲ್ಲಿ ಇದ್ದವು ಎಂಬ ಸಂಗತಿ. ಕಿಡಿ ಯಾವ ಕಡೆಯಿಂದ ಹಾರಿದರೂ ಸಾಯುವ ಜನ ಅವರೇ.

ಅದಾದ ಎಪ್ಪತ್ತನೆಯ ದಿನ, ಅಕ್ಟೋಬರ್ 7, ಮತ್ತೆ ಶನಿವಾರ. ಅಲ್ಲಿಂದ ಅರವತ್ತು ಕಿ.ಮೀ. ಆಸುಪಾಸಿನಲ್ಲಿ ಇರುವ ಅತ್ತಿಬೆಲೆ ಗಡಿಯಲ್ಲಿ, ದೀಪಾವಳಿಗೆ ಬಂದ ಮಾಲನ್ನು ಇಳಿಸಿಕೊಳ್ಳುತ್ತಿದ್ದ ಅಂಗಡಿ-ಗೋದಾಮಿಗೆ ಮಧ್ಯಾಹ್ನ ಬೆಂಕಿ ಬಿತ್ತು. ಎರಡು ದಿನದೊಳಗೆ ಸತ್ತವರ ಎಣಿಕೆ 14ಕ್ಕೆ ಮುಟ್ಟಿತು, ಆಸ್ಪತ್ರೆಯಲ್ಲಿದ್ದವರಲ್ಲೂ ಕೆಲವರು ಆಮೇಲೆ ತೀರಿಕೊಂಡರು. ಸತ್ತವರಲ್ಲಿ ಬಹುಪಾಲು ತಮಿಳುನಾಡಿನ ಹುಡುಗರು, ಅವರಲ್ಲಿ ಕಾಲೇಜು ಫೀಸಿಗೆಂದು ಹಬ್ಬದ ಸೀಸನ್ನಿನಲ್ಲಿ ದುಡಿಯಲು ಬಂದ ವಿದ್ಯಾರ್ಥಿಗಳು ಹೆಚ್ಚು. ಧರ್ಮಪುರಿ ಜಿಲ್ಲೆಯ ಅಮ್ಮಾಪೇಟೆ ಎಂಬ ಒಂದೇ ಹಳ್ಳಿಯಿಂದ ಹಲವು ಹೆಣ ಎದ್ದವು. ಕರ್ನಾಟಕ ಸರ್ಕಾರ ಸತ್ತವರ ಕುಟುಂಬಕ್ಕೆ ತಲಾ 5 ಲಕ್ಷ, ತಮಿಳುನಾಡು ಸರ್ಕಾರ ತಲಾ 3 ಲಕ್ಷ ರೂ. ಘೋಷಿಸಿದವು. ತನಿಖೆ ಸಿಐಡಿಗೆ ಹೋಯಿತು. ಮದುವೆ, ಗಣೇಶೋತ್ಸವ, ರಾಜಕೀಯ ಮೆರವಣಿಗೆಗಳಲ್ಲಿ ಪಟಾಕಿ ಬೇಡ ಎಂದು ಕರ್ನಾಟಕ ಸರ್ಕಾರ ಅದೇ ತಿಂಗಳು ಹೇಳಿತು.

ಎಪ್ಪತ್ತು ದಿನ, ಒಂದೇ ಹೆದ್ದಾರಿ, ಕಡಿಮೆ ಎಂದರೂ 23 ಜೀವ. ಅಲ್ಲಿ ಸತ್ತವರಲ್ಲಿ ಯಾರೂ ಪಟಾಕಿ ಹಚ್ಚುತ್ತಿರಲಿಲ್ಲ. ಮಾಲು ಇಡುವ ಜಾಗದಲ್ಲಿ, ಇಳಿಸುವ ಜಾಗದಲ್ಲಿ, ಅದರ ಪಕ್ಕದ ಮನೆಯಲ್ಲಿ ಇದ್ದವರು ಅವರು. ಹಬ್ಬದ ದಿನ ಕಣ್ಣಿಗೆ ಕಿಡಿ ತಾಗಿ ಮಿಂಟೋ ಆಸ್ಪತ್ರೆ ಸೇರುವ ಮಕ್ಕಳ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವೆ. ಅದಕ್ಕಿಂತ ದೊಡ್ಡ ಅಪಾಯ ಹಬ್ಬಕ್ಕೆ ತಿಂಗಳು ಮೊದಲೇ ಗೋದಾಮಿನಲ್ಲಿ ಕಾದು ಕುಳಿತಿರುತ್ತದೆ.

ಮೂರು ಮೀಟರ್, ಐವತ್ತು ಮೀಟರ್

ಕಾನೂನಿನಲ್ಲಿ ಇದಕ್ಕೆ ಅಳತೆಗಳಿವೆ. 2008ರ ಸ್ಫೋಟಕ ನಿಯಮಗಳ 83ನೇ ನಿಯಮ ಕಾಯಂ ಅಂಗಡಿಗೆ ಅನ್ವಯ. ಅದರ ಪ್ರಕಾರ ಕಟ್ಟಡ ಇಟ್ಟಿಗೆ, ಕಲ್ಲು ಅಥವಾ ಕಾಂಕ್ರೀಟಿನದಾಗಿರಬೇಕು, ನೆಲಮಹಡಿಯಲ್ಲೇ ಇರಬೇಕು, ಬಾಗಿಲು ಹೊರಕ್ಕೆ ತೆರೆಯಬೇಕು, ತುರ್ತು ದಾರಿ ಬೇರೆ ಇರಬೇಕು. ವಿಸ್ತೀರ್ಣ 9 ಚದರ ಮೀಟರಿಗೆ ಕಡಿಮೆ ಇಲ್ಲ, 25 ಚದರ ಮೀಟರಿಗೆ ಹೆಚ್ಚಿಲ್ಲ. ಇಪ್ಪತ್ತೈದು ಚದರ ಮೀಟರ್ ಎಂದರೆ ಸುಮಾರು 270 ಚದರ ಅಡಿ, ಅಂದರೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಕೋಣೆ. ಗಡಿಯಲ್ಲಿ ಕಾಣುವ ಶೋರೂಮುಗಳ ಮುಂದೆ ನಿಂತು ಈ ಅಂಕಿಯನ್ನು ನೆನಪಿಸಿಕೊಂಡರೆ ಸಾಕು, ನೋಡುವವರಿಗೆ ತಾನಾಗಿ ಅರ್ಥವಾಗುತ್ತದೆ.

84ನೇ ನಿಯಮ ಹಬ್ಬದ ತಾತ್ಕಾಲಿಕ ಮಳಿಗೆಗಳದ್ದು. ಉರಿಯದ ಸಾಮಾನಿನಿಂದ ಕಟ್ಟಿದ ಶೆಡ್ಡು. ಮಳಿಗೆಯಿಂದ ಮಳಿಗೆಗೆ ಕನಿಷ್ಠ 3 ಮೀಟರ್ ಅಂತರ. ಮನೆ, ಶಾಲೆ, ಆಸ್ಪತ್ರೆ, ದೇವಸ್ಥಾನದಂಥ ಕಟ್ಟಡಗಳಿಂದ 50 ಮೀಟರ್. ಮಳಿಗೆಗಳು ಎದುರುಬದುರು ಇರಕೂಡದು. ಒಂದು ಕಡೆ 50ಕ್ಕಿಂತ ಹೆಚ್ಚು ಮಳಿಗೆ ಇರಕೂಡದು. ಬಲ್ಬು ಜೋತಾಡುವ ವೈರಿನಲ್ಲಿ ನೇತಾಡಬಾರದು, ಗೋಡೆಗೋ ಛಾವಣಿಗೋ ಬಿಗಿದಿರಬೇಕು. ಮಳಿಗೆಯಿಂದ 50 ಮೀಟರಿನೊಳಗೆ ಪಟಾಕಿ ಹೊಡೆಯುವಂತಿಲ್ಲ.

ಈ ನಿಯಮವನ್ನು ನೆಲದ ಮೇಲೆ ಬಿಡಿಸಿ ನೋಡಿದರೆ, 3 ಮೀಟರ್ ಅಗಲದ 50 ಮಳಿಗೆಗೆ 150 ಮೀಟರ್, ನಡುವಿನ 49 ಸಂದಿಗೆ 147 ಮೀಟರ್, ಒಟ್ಟು 297 ಮೀಟರ್ ಉದ್ದದ ಒಂದೇ ಸಾಲು. ಎರಡು ತುದಿಗೂ 50 ಮೀಟರ್ ಖಾಲಿ ಬಿಟ್ಟರೆ 397. ಸುಮಾರು ನಾಲ್ಕು ನೂರು ಮೀಟರ್ ಉದ್ದದ, ಸುತ್ತಮುತ್ತ ಮನೆಯಿಲ್ಲದ ಬಯಲು ಇದ್ದರೆ ಮಾತ್ರ ಐವತ್ತು ಅಂಗಡಿ ಕಾನೂನುಬದ್ಧವಾಗಿ ಕೂರಬಹುದು. ಅಂಥ ಬಯಲಿಗೆ ಹೆದ್ದಾರಿ ಬದಿಯಲ್ಲಿ ಎಷ್ಟು ಬಾಡಿಗೆ ಆದೀತು ಎಂದು ಯೋಚಿಸಿ. ಶೇ. 80 ರಿಯಾಯಿತಿಯ ಬೆಲೆಯಲ್ಲಿ ಈ ಖಾಲಿ ಜಾಗದ ಬೆಲೆ ಸೇರಿದೆಯೇ ಎಂದು ಪ್ರತಿ ಗ್ರಾಹಕನೂ ಕೇಳಬೇಕು.

ಸದ್ದು, ಹೊಗೆ, ಗಂಟೆ

ಪಟಾಕಿಯ ಸದ್ದಿಗೂ 1999ರಿಂದ ಮಿತಿಯಿದೆ: ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್. ಸರ ಪಟಾಕಿಯಾದರೆ ಎಷ್ಟು ಕಾಯಿ ಪೋಣಿಸಿದೆಯೋ ಅದರ ಲಾಗರಿದಮ್ಮಿನ ಐದರಷ್ಟನ್ನು 125ರಿಂದ ಕಳೆಯಬೇಕು. ಸಾವಿರದ ಸರಕ್ಕೆ 15 ಕಳೆದು 110, ಐದು ಸಾವಿರದ್ದಕ್ಕೆ 18.5 ಕಳೆದು 106.5. ಇದು ಕಾಗದದ ಮೇಲಿನ ಲೆಕ್ಕ ಮಾತ್ರ, ಏಕೆಂದರೆ ಸರ ಪಟಾಕಿಯನ್ನೇ ಸುಪ್ರೀಂ ಕೋರ್ಟು 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ನಿಷೇಧಿಸಿತು. ಬೇರಿಯಂ ಲವಣ ಬಳಸುವುದನ್ನೂ ನಿಲ್ಲಿಸಿತು.

ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಮೀಟರಿನಲ್ಲಿ 125 ಇದ್ದದ್ದು ಎಂಟರಲ್ಲಿ 119, ಹದಿನಾರರಲ್ಲಿ 113, ಮೂವತ್ತೆರಡರಲ್ಲಿ 107. ಹೊಸೂರಿನ ಹಳೆ ಪೇಟೆಯಲ್ಲಾಗಲಿ ಮತ್ತಿಗಿರಿಯ ಒಳಬೀದಿಯಲ್ಲಾಗಲಿ ಇಪ್ಪತ್ತಡಿ ರಸ್ತೆ ಎಂದರೆ ಆರು ಮೀಟರ್. ಹಚ್ಚಿದವನು ಓಡಿ ದೂರ ಹೋಗುತ್ತಾನೆ. ಎದುರು ಮನೆಯ ಜಗಲಿಯಲ್ಲಿ ಕುಳಿತ ಅಜ್ಜಿ, ತೊಟ್ಟಿಲ ಕೂಸು ಎಲ್ಲಿಗೆ ಹೋಗಬೇಕು? ವಸತಿ ಪ್ರದೇಶಕ್ಕೆ ನಿಗದಿಯಾದ ರಾತ್ರಿಯ ಶಬ್ದಮಿತಿ 45 ಡೆಸಿಬೆಲ್.

ಹೊಗೆಯಲ್ಲಿ ಇನ್ನೊಂದು ವಿಚಿತ್ರವಿದೆ. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ ಆರು ಬಗೆಯ ಪಟಾಕಿಗಳ ಹೊಗೆಯನ್ನು ಅಳೆದು 2016ರಲ್ಲಿ ಪ್ರಕಟಿಸಿದ ಅಂಕಿಗಳಲ್ಲಿ ಅತಿ ಕೆಟ್ಟದ್ದು ಸದ್ದೇ ಮಾಡದ ಹಾವಿನ ಗುಳಿಗೆ. ಒಂದು ಘನ ಮೀಟರ್ ಗಾಳಿಯಲ್ಲಿ ಅದರ ಪಿಎಂ 2.5 ಸೂಕ್ಷ್ಮಕಣ 64,500 ಮೈಕ್ರೋಗ್ರಾಂವರೆಗೆ ಏರಿತ್ತು. ಸಾವಿರದ ಸರಕ್ಕೆ 38,540, ಸುರುಸುರುಬತ್ತಿಗೆ 10,390, ಭೂಚಕ್ರಕ್ಕೆ 9,490, ಹೂಕುಂಡಕ್ಕೆ 4,860. ನಮ್ಮ ದೇಶದ ದಿನದ ಸರಾಸರಿ ಮಿತಿ 60. ಇವು ಹಚ್ಚಿದವನ ಹತ್ತಿರ ಕೆಲವು ನಿಮಿಷ ನಿಲ್ಲುವ ಗರಿಷ್ಠ ಅಂಕಿಗಳು, ಇಡೀ ದಿನದ ಸರಾಸರಿಯೊಂದಿಗೆ ನೇರವಾಗಿ ಸರಿದೂಗುವುದಿಲ್ಲ. ಆದರೂ ಹಾವಿನ ಗುಳಿಗೆಯದು ಆ ಮಿತಿಯ ಸಾವಿರ ಪಟ್ಟಿಗೂ ಮೇಲೆ. ಸದ್ದಿಲ್ಲ, ಮಕ್ಕಳಿಗೆ ಸುರಕ್ಷಿತ ಎಂದು ನಾವು ಕೊಡಿಸುವುದು ಇದನ್ನೇ, ಮಕ್ಕಳು ಅದರ ಮೇಲೆ ಬಗ್ಗಿ ನೋಡುತ್ತಾರೆ.

ಸುರುಸುರುಬತ್ತಿಯೂ ಹಾಗೆ. ಕಬ್ಬಿಣದ ತಂತಿಗೆ ಮೆತ್ತಿದ ಮದ್ದು ಉರಿಯುವಾಗ ತುದಿಯ ಶಾಖ ಸುಮಾರು 1,000 ಡಿಗ್ರಿ ಸೆಲ್ಸಿಯಸ್. ಬೆಳಕು ಆರಿದ ಮೇಲೆ ತಂತಿಯ ಕೆಂಪು ಹೋಗಿ ಬೂದು ಬಣ್ಣ ಬರುತ್ತದೆ, ಬಿಸಿ ಮಾತ್ರ ಹೋಗಿರುವುದಿಲ್ಲ. ಅಂಗಳದಲ್ಲಿ ಎಸೆದ ಆ ತಂತಿಯನ್ನು ಬರಿಗಾಲಿನಲ್ಲಿ ತುಳಿದವರು ನಮ್ಮ ಕಡೆ ಮನೆಗೊಬ್ಬರು ಸಿಗುತ್ತಾರೆ. ಒಂದು ಬಕೀಟು ನೀರಿಟ್ಟು ಉರಿದ ಕಡ್ಡಿಗಳನ್ನೆಲ್ಲ ಅದರಲ್ಲಿ ಅದ್ದುವ ರೂಢಿ ಮಾಡಿದರೆ ಈ ಗಾಯ ಪೂರಾ ತಪ್ಪುತ್ತದೆ, ಖರ್ಚು ಸೊನ್ನೆ.

ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ಹಸಿರು ಪಟಾಕಿಯಲ್ಲಿ ಸೂಕ್ಷ್ಮಕಣ ಕನಿಷ್ಠ ಶೇ. 30 ಕಡಿಮೆ. ಎಪ್ಪತ್ತು ಪಾಲಿನವರೆಗೂ ಹೊಗೆ ಹಾಗೇ ಉಳಿಯಬಹುದು ಎಂದೇ ಅದರ ಅರ್ಥ.

ಗಂಟೆಯ ಲೆಕ್ಕ ಗಡಿಯವರಿಗೆ ಮಾತ್ರ ಗೊತ್ತಾಗುವಂಥದ್ದು. ಸುಪ್ರೀಂ ಕೋರ್ಟು ದೀಪಾವಳಿಗೆ ರಾತ್ರಿ 8ರಿಂದ 10 ಎಂದಿತು. ತಮಿಳುನಾಡು ತನ್ನ ಹಬ್ಬ ಬೆಳಗಿನ ಎಣ್ಣೆಸ್ನಾನದ್ದು ಎಂದು ಕೇಳಿಕೊಂಡ ಮೇಲೆ ಎರಡು ಗಂಟೆಯನ್ನು ರಾಜ್ಯವೇ ಆರಿಸಿಕೊಳ್ಳಲಿ ಎಂದು ಒಪ್ಪಿತು. ಹಾಗಾಗಿ ಹೊಸೂರಿನಲ್ಲಿ ಬೆಳಿಗ್ಗೆ 6ರಿಂದ 7, ಸಂಜೆ 7ರಿಂದ 8. ಅತ್ತಿಬೆಲೆಯಲ್ಲಿ ರಾತ್ರಿ 8ರಿಂದ 10. ಗಡಿಗೆ ಅಂಟಿಕೊಂಡ ಹಳ್ಳಿಯವರಿಗೆ ಎರಡೂ ಸೇರಿ ನಾಲ್ಕು ಗಂಟೆ, ಅದೂ ಎಲ್ಲರೂ ಕಾನೂನು ಪಾಲಿಸಿದರೆ.

ತಳಿ, ಜವಳಗಿರಿ, ಡೆಂಕಣಿಕೋಟೆ ಕಡೆಯ ರೈತರಿಗೆ ಪಟಾಕಿಯ ಇನ್ನೊಂದು ಉಪಯೋಗವೂ ಗೊತ್ತು. ಬನ್ನೇರುಘಟ್ಟ ಕಡೆಯಿಂದ ಆನೆ ಹಿಂಡುಗಳು ಈ ಕಾಡುಗಳಿಗೆ ಇಳಿಯುವುದು ರಾಗಿ ಕಾಳುಗಟ್ಟುವ ಅಕ್ಟೋಬರ್-ನವೆಂಬರಿನಲ್ಲೇ. ಈ ಕಡೆಯ ಕಾಡುಗಳಲ್ಲೇ 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿಧಾಮ 504.33 ಚದರ ಕಿ.ಮೀ. ಹಬ್ಬಿದೆ. ಹೊಲದ ಅಟ್ಟಣೆಯಲ್ಲಿ ರಾತ್ರಿಯೆಲ್ಲ ಕೂತವನಿಗೆ ಒಂದು ಕಟ್ಟು ಪಟಾಕಿ ಬೆಳೆ ಉಳಿಸುವ ಸಾಧನ. ಪಟ್ಟಣದವರ ಮೋಜಿಗೆ ಹಾಕುವ ಕಡಿವಾಣವನ್ನು ಅವನ ಮೇಲೂ ಹಾಕುವುದು ನ್ಯಾಯವಲ್ಲ.

ಜಪಾನಿನ ಕಡಲತೀರದ ಅಂಕಿಗಳು

ಪಟಾಕಿಯನ್ನು ಮನೆಮನೆಯಲ್ಲಿ ಹೊಡೆಯುವ ಬದಲು ಊರಿಗೆ ಒಂದೇ ಕಡೆ ಹಾರಿಸಿ ಎಲ್ಲರೂ ಕೂತು ನೋಡುವುದನ್ನು ದೊಡ್ಡ ಹಬ್ಬವಾಗಿ ಬೆಳೆಸಿದವರು ಜಪಾನಿನವರು. ಅಲ್ಲಿ ಅದು ಬೇಸಿಗೆಯ ಸಂಭ್ರಮ, ಹೆಸರು ಹನಾಬಿ. ಟೋಕಿಯೋಗೆ ಹತ್ತಿರದ ಅಟಾಮಿ ಎಂಬ ಬಿಸಿನೀರ ಬುಗ್ಗೆಗಳ ಕಡಲೂರು 1949ರಲ್ಲಿ ಚಂಡಮಾರುತಕ್ಕೂ 1950ರಲ್ಲಿ ದೊಡ್ಡ ಬೆಂಕಿಗೂ ಸಿಕ್ಕಿ ನಲುಗಿತು. ಊರು ಚೇತರಿಸಿಕೊಳ್ಳಲೆಂದು 1952ರಲ್ಲಿ ಕೊಲ್ಲಿಯ ಮೇಲೆ ಬಾಣಬಿರುಸು ಶುರು ಮಾಡಿದರು. ಬೆಂಕಿಯಿಂದ ಸುಟ್ಟ ಊರು ಬೆಂಕಿಯನ್ನೇ ಅಂಕೆಯಲ್ಲಿಟ್ಟು ಬದುಕು ಕಟ್ಟಿಕೊಂಡಿತು. ಈಗ ಅಲ್ಲಿ ವರ್ಷಕ್ಕೆ ಹತ್ತಕ್ಕೂ ಹೆಚ್ಚು ಸಂಜೆ ಪ್ರದರ್ಶನ ನಡೆಯುತ್ತದೆ. ಪ್ರತಿ ಸಲ 20-25 ನಿಮಿಷ, ಕೆಲವು ಸಾವಿರ ಗುಂಡುಗಳು. ಮೂರು ಕಡೆ ಬೆಟ್ಟ ಇರುವುದರಿಂದ ಸದ್ದು ಕೊಲ್ಲಿಯೊಳಗೇ ತಿರುಗಿ ಮೊಳಗುತ್ತದೆ.

ಗುಂಡಿನ ಗಾತ್ರಕ್ಕೂ ಎತ್ತರಕ್ಕೂ ಅಲ್ಲಿ ಖಚಿತ ಕೋಷ್ಟಕವಿದೆ. ಸುಮಾರು 9 ಸೆಂ.ಮೀ. ವ್ಯಾಸದ ಗುಂಡು 120 ಮೀಟರ್ ಏರಿ 60 ಮೀಟರ್ ಅಗಲಕ್ಕೆ ಅರಳುತ್ತದೆ. 30 ಸೆಂ.ಮೀ. ಗುಂಡಿನ ತೂಕ ಎಂಟೂವರೆ ಕೆ.ಜಿ., ಅದು 330 ಮೀಟರ್ ಏರಿ 320 ಮೀಟರ್ ಹರಡುತ್ತದೆ. ನಾಗಾಓಕಾ ನಗರದಲ್ಲಿ ಆಗಸ್ಟ್ 2 ಮತ್ತು 3ರಂದು ಹಾರಿಸುವ ಅತಿ ದೊಡ್ಡ ಗುಂಡು 90 ಸೆಂ.ಮೀ. ದಪ್ಪ, 300 ಕೆ.ಜಿ. ತೂಕ, 600 ಮೀಟರ್ ಎತ್ತರಕ್ಕೆ ಹೋಗುತ್ತದೆ. 1945ರ ಆಗಸ್ಟ್ 1ರ ರಾತ್ರಿ ಆ ಊರಿನ ಮೇಲೆ ಬಾಂಬು ಬಿದ್ದು 1,488 ಜನ ಸತ್ತಿದ್ದರು, ಅವರ ನೆನಪಿಗೇ ಈ ಹಬ್ಬ.

ಜಪಾನಿನಲ್ಲೂ ಅನಾಹುತ ಆಗಿದೆ. ನಾವು ಕಲಿಯಬೇಕಾದದ್ದು ಅಲ್ಲೇ ಹೆಚ್ಚು. 2001ರ ಜುಲೈ 21ರಂದು ಅಕಾಶಿ ಎಂಬ ಊರಿನ ಕಡಲತೀರದ ಬಾಣಬಿರುಸಿಗೆ ರೈಲು ನಿಲ್ದಾಣದಿಂದ ಜನ ಒಂದು ಪಾದಚಾರಿ ಸೇತುವೆ ಮೇಲೆ ಹೋಗಬೇಕಿತ್ತು. ಸೇತುವೆಯ ಅಗಲ 6 ಮೀಟರ್, ಕೆಳಗಿಳಿಯುವ ಮೆಟ್ಟಿಲಿನ ಅಗಲ ಅದರರ್ಧ. ಬರುವವರೂ ಹೋಗುವವರೂ ಎದುರಾಗಿ 11 ಜನ ಸತ್ತರು, ಅದರಲ್ಲಿ 9 ಮಕ್ಕಳು, ಇಬ್ಬರು ವೃದ್ಧೆಯರು. 2013ರ ಆಗಸ್ಟ್ 15ರಂದು ಫುಕುಚಿಯಾಮಾದಲ್ಲಿ ತಿಂಡಿ ಮಳಿಗೆಯವನ ಪೆಟ್ರೋಲು ಡಬ್ಬಿ ಸಿಡಿದು ಮೂವರು ಸತ್ತರು. ಆಕಾಶಕ್ಕೆ ಹೋದ ಗುಂಡು ಎರಡು ಕಡೆಯೂ ಯಾರನ್ನೂ ಕೊಲ್ಲಲಿಲ್ಲ. ಅಕಾಶಿಯಂತೆಯೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 2025ರ ಜೂನ್ 4ರಂದು ಕಾಲ್ತುಳಿತಕ್ಕೆ ಸಿಕ್ಕಿ ಸತ್ತವರೂ 11 ಜನ.

ಹೊಸೂರಿಗೆ ಹೊಂದಿಸಿದರೆ

ಹೊಸೂರಿಗೆ ಜನ ಸೇರುವುದು ಹೊಸದಲ್ಲ. ಬೆಟ್ಟದ ಚಂದ್ರಚೂಡೇಶ್ವರ ಸ್ವಾಮಿಯ ತೇರು ಫಾಲ್ಗುಣ ಹುಣ್ಣಿಮೆಯ ಹೊತ್ತಿಗೆ, ಬಿಸಿಲು ಏರುವ ದಿನಗಳಲ್ಲಿ ನಡೆಯುತ್ತದೆ. ಕನ್ನಡ, ತಮಿಳು, ತೆಲುಗು ಮೂರೂ ಮಾತಿನವರು ಸುತ್ತಲ ಹಳ್ಳಿಗಳಿಂದಲೂ ಆನೇಕಲ್, ಮಾಲೂರು ಕಡೆಯಿಂದಲೂ ಬರುತ್ತಾರೆ. ರಾತ್ರಿ ಪಲ್ಲಕ್ಕಿ, ಬಾಣಬಿರುಸು ಇಲ್ಲಿನವರಿಗೆ ಪರಿಚಿತ. ಹೀಗಾಗಿ ನಾನು ಹೇಳುತ್ತಿರುವುದು ಹೊಸ ಆಚಾರವಲ್ಲ. ಇರುವುದನ್ನೇ ಅಳತೆಗೆ ತಂದು, ದೀಪಾವಳಿಗೂ ಒಂದು ಸಂಜೆ ಅದನ್ನು ನಡೆಸಿ, ಮನೆಮನೆಯ ಪಟಾಕಿಯನ್ನು ಕಡಿಮೆ ಮಾಡೋಣ ಎಂಬ ಮಾತು.

2011ರ ಜನಗಣತಿಯಲ್ಲಿ ಹೊಸೂರು ಪಟ್ಟಣದ ಜನ 1,16,821. ಆಮೇಲೆ 2019ರಲ್ಲಿ ಮಹಾನಗರ ಪಾಲಿಕೆಯಾಗಿ ಊರು ಬಹಳ ಬೆಳೆದಿದೆ, ಆದರೂ ಲೆಕ್ಕಕ್ಕೆ ಹಳೆಯ ಅಂಕಿಯೇ ಇರಲಿ. ಮನೆಗೆ ನಾಲ್ವರಂತೆ ಸುಮಾರು 29,200 ಮನೆ. ಮನೆಗೆ 2,000 ರೂ. ಪಟಾಕಿ ಎಂದು ಹಿಡಿದರೆ ಒಟ್ಟು 5 ಕೋಟಿ 84 ಲಕ್ಷ. ಅದರ ಇಪ್ಪತ್ತರಲ್ಲಿ ಒಂದು ಭಾಗ, ಮನೆಗೆ 100 ರೂ. ವಂತಿಗೆ ಎತ್ತಿದರೆ 29 ಲಕ್ಷ 20 ಸಾವಿರ. ಅರ್ಧವನ್ನು ಬೇಲಿ, ಅಗ್ನಿಶಾಮಕ ವಾಹನ, ಆಂಬುಲೆನ್ಸು, ಶೌಚಾಲಯ, ದೀಪ, ಕಾವಲಿಗೆ, ವಿಮೆಗೆ ತೆಗೆದಿಡಿ. ಉಳಿದ 14 ಲಕ್ಷ 60 ಸಾವಿರದಲ್ಲಿ, ಹಾರಿಸುವವರ ಕೂಲಿಯೂ ಸೇರಿ ಗುಂಡಿಗೆ ಸರಾಸರಿ 1,000 ರೂ. ಹಾಕಿದರೂ 1,460 ಗುಂಡು. ಇಪ್ಪತ್ತು ನಿಮಿಷಕ್ಕೆ ಹಂಚಿದರೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು. ಗುಂಡಿನ ದರ ನನ್ನ ಅಂದಾಜು. ಅದು ಎರಡು ಪಟ್ಟಾದರೂ ಎರಡು ಸೆಕೆಂಡಿಗೊಂದು ಹೂವು ಆಕಾಶದಲ್ಲಿ ಅರಳುತ್ತದೆ, ಸಾಕು.

ಒಂಬತ್ತು ಸೆಂ.ಮೀ. ಗುಂಡಿಗಿಂತ ದೊಡ್ಡದು ಹೊಸೂರಿಗೆ ಬೇಕಿಲ್ಲ. ಅರವತ್ತು ಮೀಟರ್ ಅಗಲದ ಹೂವು ಒಂದು ಕಿ.ಮೀ. ದೂರದಿಂದ ಹುಣ್ಣಿಮೆ ಚಂದ್ರನ ಸುಮಾರು ಏಳರಷ್ಟು ಅಗಲವಾಗಿ ಕಾಣುತ್ತದೆ, ಎರಡು ಕಿ.ಮೀ.ಯಿಂದಲೂ ಮೂರೂವರೆಯಷ್ಟು. ಒಂದು ಕಿ.ಮೀ. ದೂರಕ್ಕೆ ಬೆಳಕು ಕಂಡ ಮೂರು ಸೆಕೆಂಡಿಗೆ ಸದ್ದು ತಲುಪುತ್ತದೆ, ಅಷ್ಟು ಹೊತ್ತಿಗೆ ಅದರ ಮೊನಚು ಕಳೆದಿರುತ್ತದೆ. ಎಲ್ಲರೂ ಮೈದಾನಕ್ಕೇ ಬರಬೇಕಿಲ್ಲ, ಮನೆಯ ತಾರಸಿ ಮೇಲೆ ನಿಂತವರಿಗೂ ಕಾಣುತ್ತದೆ.

ಜಾಗ? ಹಾರಿಸುವ ಬಿಂದುವಿನಿಂದ ಜನ 100 ಮೀಟರ್ ದೂರ ನಿಲ್ಲಬೇಕು. ನೂರು ಮೀಟರ್ ತ್ರಿಜ್ಯದ ವೃತ್ತಕ್ಕೆ 31,400 ಚದರ ಮೀಟರ್, ಅಂದರೆ ಏಳೂಮುಕ್ಕಾಲು ಎಕರೆ ಖಾಲಿ ನೆಲ. ಚದರ ಮೀಟರಿಗೆ ಇಬ್ಬರಂತೆ 10,000 ಜನ ಕೂರಲು ಒಂದೂಕಾಲು ಎಕರೆ. ಸಮತಟ್ಟು ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಸಾಗಬಲ್ಲರು ಎಂಬುದು ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಅಳತೆ. ಹತ್ತು ಸಾವಿರ ಜನ ಹತ್ತು ನಿಮಿಷದಲ್ಲಿ ಹೊರಬರಬೇಕಾದರೆ ಹೊರದಾರಿಗಳ ಒಟ್ಟು ಅಗಲ 12 ಮೀಟರಿಗಿಂತ ಸ್ವಲ್ಪ ಹೆಚ್ಚು ಇರಬೇಕು. ಒಳಬರುವ ದಾರಿ ಬೇರೆ, ಹೊರಹೋಗುವ ದಾರಿ ಬೇರೆ. ಅಕಾಶಿಯಲ್ಲಿ ತಪ್ಪಿದ್ದು ಇಷ್ಟೇ.

ಜಪಾನಿನವರು ನೀರಿನ ಮೇಲೆ ಹಾರಿಸುತ್ತಾರೆ, ನಾವೂ ಕೆಲವರಪಲ್ಲಿ ಅಣೆಕಟ್ಟಿನ ದಂಡೆಯಲ್ಲೋ ಕೃಷ್ಣಗಿರಿಯ ಕೆಆರ್‌ಪಿ ಅಣೆಕಟ್ಟಿನಲ್ಲೋ ಮಾಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸೀತು. ನನ್ನ ಉತ್ತರ ಬೇಡ ಎಂದೇ. ಬಾಣಬಿರುಸಿನ ಪರ್ಕ್ಲೋರೇಟ್ ಲವಣ ನೀರಿನಲ್ಲಿ ಕರಗಿ ಉಳಿಯುತ್ತದೆ. ದಕ್ಷಿಣ ಪಿನಾಕಿನಿಯ ನೀರು ಕೆಲವರಪಲ್ಲಿಗೆ ಬರುವಾಗಲೇ ನೊರೆ ಹೊತ್ತು ತರುತ್ತದೆ, ಅದೇ ನೀರು ಕೆಳಗಿನ ಹೊಲಗಳಿಗೆ ಹರಿಯುತ್ತದೆ. ಊರಾಚೆಯ ಒಣ ಮೈದಾನವೇ ಸರಿ.

ಸಾರ್ವಜನಿಕ ಪ್ರದರ್ಶನ ಎಂದ ಮಾತ್ರಕ್ಕೆ ಸುರಕ್ಷಿತ ಆಗಿಬಿಡುವುದಿಲ್ಲ. ಕೊಲ್ಲಂ ಬಳಿಯ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಏಪ್ರಿಲ್ 10ರ ನಸುಕಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅಧಿಕಾರಿಗಳು ಅನುಮತಿ ಕೊಟ್ಟಿರಲಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ 28ರ ರಾತ್ರಿ ತೆಯ್ಯಂ ನೋಡುತ್ತಿದ್ದ 150ಕ್ಕೂ ಹೆಚ್ಚು ಜನ ಸುಟ್ಟುಕೊಂಡರು, ಕೆಲವರು ಉಳಿಯಲಿಲ್ಲ. ಹಾರಿಸುವ ಜಾಗದ ಕಿಡಿ ಮದ್ದು ಕೂಡಿಟ್ಟ ಕೋಣೆಗೆ ಬಿದ್ದಿತ್ತು, ಕೋಣೆಯ ಪಕ್ಕದಲ್ಲೇ ಜನ ನಿಂತಿದ್ದರು. ಅದೇ ತಿಂಗಳು ಕೇಂದ್ರ ಸರ್ಕಾರ ಸ್ಫೋಟಕ ನಿಯಮಗಳಿಗೆ ಹೊರಡಿಸಿದ ತಿದ್ದುಪಡಿ, ಮದ್ದಿನ ದಾಸ್ತಾನಿಗೂ ಹಾರಿಸುವ ಜಾಗಕ್ಕೂ 200 ಮೀಟರ್ ಇರಬೇಕು ಎಂದಿದೆ. ಕೇರಳದ ಉತ್ಸವ ಸಮಿತಿಗಳು ಈ ಅಂಕಿಯನ್ನು ವಿರೋಧಿಸಿದವು. ಹೊಸೂರು ಹೊಸದಾಗಿ ಶುರು ಮಾಡುವುದಾದರೆ ಈ 200 ಮೀಟರನ್ನು ಮೊದಲ ಗೂಟವಾಗಿ ನೆಟ್ಟು ಆಮೇಲೆ ಉಳಿದ ಜಾಗ ಅಳೆಯಬೇಕು. ಅಷ್ಟು ನೆಲ ಸಿಗದಿದ್ದರೆ ಪ್ರದರ್ಶನವೇ ಬೇಡ. ಮೈಸೂರು ದಸರೆಯಲ್ಲಿ 2024ರಲ್ಲಿ ಬನ್ನಿಮಂಟಪದ ಮೇಲೆ 1,500 ಡ್ರೋನುಗಳು ಚಿತ್ರ ಬಿಡಿಸಿದ್ದನ್ನು ನೋಡಿದವರಿಗೆ ಬೆಳಕಿಗೆ ಮದ್ದೇ ಬೇಕೆಂದಿಲ್ಲ ಎಂಬುದೂ ಗೊತ್ತು.

ಶಿವಕಾಶಿಯ ಕೆಲಸಗಾರರ ಹೊಟ್ಟೆಪಾಡು ಏನು ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ. ದೊಡ್ಡ ಗುಂಡು ಕಟ್ಟುವುದು ಕೈಕಸುಬು, ಸಣ್ಣ ಪಟಾಕಿಗಿಂತ ಹೆಚ್ಚು ಕುಶಲತೆ ಬೇಡುವ ಕೆಲಸ. ಊರೂರಿಗೆ ವರ್ಷಕ್ಕೊಂದು ಪ್ರದರ್ಶನ ಎಂದಾದರೆ ಆ ಕೈಗಳಿಗೆ ಹೆಚ್ಚು ಕೂಲಿಯ ಕೆಲಸ ಹುಟ್ಟುತ್ತದೆ.

ಹಾಗಾಗಿ ಗಡಿಯ ಎರಡೂ ಕಡೆಯ ಓದುಗರಲ್ಲಿ ಒಂದು ಬಿನ್ನಹ. ಬರುವ ದೀಪಾವಳಿಗೆ ಅತ್ತಿಬೆಲೆಗೋ ಜೂಜುವಾಡಿಗೋ ಹೋದರೆ ಅಂಗಡಿಯೊಳಗೆ ಕಾಲಿಡುವ ಮುಂಚೆ ಪರವಾನಗಿ ಪತ್ರ ಗೋಡೆಯ ಮೇಲಿದೆಯೇ, ಬಾಗಿಲು ಹೊರಕ್ಕೆ ತೆರೆಯುತ್ತದೆಯೇ, ಮೇಲ್ಮಹಡಿಯಲ್ಲಿ ಮನೆ ಇದೆಯೇ ಎಂದು ನೋಡಿ. ಮೇಲೆ ಬಟ್ಟೆ ಒಣಗುತ್ತಿದ್ದರೆ ಅಲ್ಲಿಂದ ಹಿಂದಿರುಗಿ, ಎಷ್ಟೇ ಅಗ್ಗವಾಗಿದ್ದರೂ ಸರಿ. ಹೊಸೂರಿನ ಸಂಘ-ಸಂಸ್ಥೆಗಳು, ತೇರಿನ ಸಮಿತಿಯ ಹಿರಿಯರು, ಪಾಲಿಕೆಯ ಸದಸ್ಯರು ಈ ಲೆಕ್ಕವನ್ನು ಒಮ್ಮೆ ಕೂತು ಪರಿಶೀಲಿಸಲಿ, ತಪ್ಪಿದ್ದರೆ ತಿದ್ದಲಿ. ಸಾರ್ವಜನಿಕ ಪ್ರದರ್ಶನಕ್ಕೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಡಳಿತಕ್ಕಿದೆ, ಕೃಷ್ಣಗಿರಿಯ ಕಲೆಕ್ಟರ್ ಕಚೇರಿಗೆ ಅರ್ಜಿ ಹಾಕಬೇಕಾದವರು ನಾವು.